ಅಂಗೈಯ ಡಂಗುರ

ತುಮಕೂರಿನ ಅಮಾನಿಕೆರೆಯ ಬದಿಯಲ್ಲಿ ಬೆಳಗಿನ ಜಾವ ಸುತ್ತುಹಾಕುವ ಅನೇಕ ಮಂಡಲಿಗಳಲ್ಲಿ ನಮ್ಮದೂ ಒಂದು. ಅರವತ್ತು ದಾಟಿದ ಏಳೆಂಟು ಮಂದಿ. ಇಬ್ಬರಿಗೆ ಸ್ಟೆಂಟ್ ಆಗಿದೆ, ಒಬ್ಬರಿಗೆ ಬೈಪಾಸ್, ಉಳಿದವರಿಗೆ ಬಿ.ಪಿ.ಯೋ ಷುಗರೋ, ಭಾಗ್ಯವಂತರಿಗೆ ಎರಡೂ. ನಡೆಯುವುದು ಅರ್ಧ ಗಂಟೆ, ಬೆಂಚಿನ ಮೇಲೆ ಕುಳಿತು ಲೋಕವಿಚಾರ ಮಾಡುವುದು ಮುಕ್ಕಾಲು ಗಂಟೆ, ಅದೇ ವಿಚಾರವನ್ನು ವಾಟ್ಸಾಪ್ ಗುಂಪಿನಲ್ಲಿ ಮುಂದುವರಿಸುವುದು ದಿನದ ಉಳಿದ ಭಾಗವೆಲ್ಲ. ಒಂದು ದಿನ ನಮ್ಮ ನಿವೃತ್ತ ಹೆಡ್‌ಮಾಸ್ತರು ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ತೋಳಿನಳತೆಯ ದೂರಕ್ಕೆ ಹಿಡಿದು, ಶಾಲೆಯಲ್ಲಿ ಸುತ್ತೋಲೆ ಓದುತ್ತಿದ್ದ ಅದೇ ಕಂಠದಲ್ಲಿ ಒಂದು ಸಂದೇಶವನ್ನು ಓದಿದರು. ಒಬ್ಬರೇ ಇರುವಾಗ ಎದೆನೋವು ಬಂದರೆ ದೀರ್ಘವಾಗಿ ಉಸಿರೆಳೆದು ಜೋರಾಗಿ ಕೆಮ್ಮುತ್ತಿರಬೇಕಂತೆ. ಹಾಗೆ ಕೆಮ್ಮುತ್ತಲೇ ಆಸ್ಪತ್ರೆಯನ್ನು ತಲುಪಬಹುದಂತೆ. ಇದನ್ನು ಹತ್ತು ಜನಕ್ಕೆ ಕಳಿಸಿದರೆ ಒಂದು ಜೀವವಾದರೂ ಉಳಿಯುವುದಂತೆ.

“ಏನ್ ಮೇಷ್ಟ್ರೇ, ಕೆಮ್ಮಿದ್ರೆ ಸಾಕು ಅಂದ್ರೆ ಈ ಸ್ಟೆಂಟಿಗೆ ಯಾಕೆ ಅಷ್ಟು ದುಡ್ಡು ಸುರಿದೆ ನಾನು?” ಎಂದರು ಪಕ್ಕದಲ್ಲಿದ್ದ ಅಡಿಕೆ ಮಂಡಿಯ ಯಜಮಾನರು. ಎಲ್ಲರೂ ನಕ್ಕೆವು. ಆದರೆ ನಗೆ ಮುಗಿದ ಮೇಲೆ ನೋಡಿದರೆ, ನಮ್ಮಲ್ಲಿ ನಾಲ್ವರು ಅದನ್ನು ಆಗಲೇ ಬೇರೆಯವರಿಗೆ ದಾಟಿಸಿಬಿಟ್ಟಿದ್ದರು.

ಈ ಕೆಮ್ಮಿನ ಉಪದೇಶ ನಮ್ಮ ಮೇಷ್ಟರ ಫೋನಿಗಿಂತ ಬಹಳ ಹಳೆಯದು. ವಾಟ್ಸಾಪ್ ಎಂಬುದು ಹುಟ್ಟುವುದಕ್ಕೆ ಹತ್ತು ವರ್ಷ ಮುಂಚೆಯೇ, 1999ರಲ್ಲಿ, ಅಮೆರಿಕದ ರಾಚೆಸ್ಟರಿನ ಒಂದು ಆಸ್ಪತ್ರೆಯ ಹೆಸರನ್ನು ಹೊತ್ತು ಇ-ಮೇಲ್ ಮೂಲಕ ಲೋಕಸಂಚಾರಕ್ಕೆ ಹೊರಟ ಪತ್ರ ಅದು. ಆ ಆಸ್ಪತ್ರೆ ತನಗೂ ಅದಕ್ಕೂ ಸಂಬಂಧವಿಲ್ಲವೆಂದಿತು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇಂಥ ವಿಧಾನವನ್ನು ತಾನು ಜನಕ್ಕೆ ಬೋಧಿಸುವುದಿಲ್ಲವೆಂದು ಸ್ಪಷ್ಟಪಡಿಸಿತು. ಆದರೂ ಅದು ಸಾಯಲಿಲ್ಲ, ಭಾಷೆಯಿಂದ ಭಾಷೆಗೆ ಜನ್ಮಾಂತರ ಪಡೆಯುತ್ತ ಕನ್ನಡಕ್ಕೂ ಬಂದಿತು. ಪೂರ್ತಿಯಾಗಿ ಸುಳ್ಳಾಗಿದ್ದರೆ ಅದಕ್ಕೆ ಇಷ್ಟು ಆಯುಸ್ಸು ಇರುತ್ತಿರಲಿಲ್ಲವೆಂದು ತೋರುತ್ತದೆ. ಹೃದಯಕ್ಕೆ ನಳಿಕೆ ತೂರಿಸಿ ಪರೀಕ್ಷೆ ಮಾಡುವ ಕೋಣೆಯಲ್ಲಿ, ರೋಗಿ ಮೇಜಿನ ಮೇಲೆ ಮಲಗಿ, ವೈದ್ಯನ ಕಣ್ಣು ಯಂತ್ರದ ಪರದೆಯ ಮೇಲಿರುವಾಗ ಬಡಿತ ಥಟ್ಟನೆ ತಪ್ಪಿದರೆ, ಒಡನೆಯೇ ಕೆಮ್ಮಿಸುವುದರಿಂದ ಎದೆಗೂಡಿನೊಳಗಿನ ಒತ್ತಡ ಏರಿ ಮೆದುಳಿಗೆ ಕೆಲವು ಕ್ಷಣ ರಕ್ತ ಹರಿಯುವುದೆಂದು 1976ರಲ್ಲಿ ಕ್ರೈಲಿ ಎಂಬ ವೈದ್ಯನೂ ಸಂಗಡಿಗರೂ ಬರೆದಿದ್ದರು. ಆ ಕೋಣೆ, ಆ ವೈದ್ಯ, ಆ ಪರದೆ, ಆ ಕೆಲವು ಕ್ಷಣಗಳು, ಇವೆಲ್ಲವೂ ದಾರಿಯಲ್ಲಿ ಎಲ್ಲೆಲ್ಲೋ ಉದುರಿಹೋಗಿ, ಕೆಮ್ಮು ಮಾತ್ರ ಉಳಿದು, ಅಮಾನಿಕೆರೆಯ ಬೆಂಚಿನ ಮೇಲೆ ಬಂದು ಕುಳಿತಿತು. ಹೃದಯಾಘಾತವೆಂದರೆ ಸಾಮಾನ್ಯವಾಗಿ ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ಧಮನಿಯಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುವುದು. ಮುಚ್ಚಿದ ದಾರಿಯನ್ನು ಕೆಮ್ಮು ತೆರೆಯಲಾರದು. ಕೆಮ್ಮುತ್ತ ಕಳೆದ ಹೊತ್ತು ವ್ಯರ್ಥವಾದ ಹೊತ್ತು.

ಹೃದಯದ ಆರೋಗ್ಯವನ್ನು ಜನಕ್ಕೆ ತಿಳಿಯಹೇಳಬೇಕೆಂದು ಸಾಮಾಜಿಕ ಜಾಲತಾಣಗಳಿಗೆ ಇಳಿದಿರುವ ಸಂಸ್ಥೆಗಳ ಕಷ್ಟವೆಲ್ಲ ಈ ಒಂದು ಕೆಮ್ಮಿನಲ್ಲಿ ಅಡಗಿದೆಯೆಂದರೆ ಉತ್ಪ್ರೇಕ್ಷೆಯಾಗದು. ಅವರ ಮಾತೂ ಅದೇ ಹಾದಿಯಲ್ಲಿ, ಅದೇ ಫೋನಿನಲ್ಲಿ, ಶುಭೋದಯದ ಗುಲಾಬಿಗೂ ತೆಂಗಿನಕಾಯಿಯ ಧಾರಣೆಗೂ ನಡುವೆ ಸಿಕ್ಕಿಕೊಂಡು ಬರಬೇಕು. ಸುಳ್ಳಿಗಿರುವ ವೇಗ ಅದಕ್ಕಿಲ್ಲ. 2018ರಲ್ಲಿ ವದಂತಿಗಳಿಂದ ನಮ್ಮ ದೇಶದಲ್ಲಿ ಕೊಲೆಗಳೇ ನಡೆದುಹೋದ ಮೇಲೆ ವಾಟ್ಸಾಪ್ ಸಂಸ್ಥೆ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಕಟ್ಟುಹಾಕಿತು. 2020ರಲ್ಲಿ, ಆಗಲೇ ಬಹಳ ಸಲ ದಾಟಿಬಂದ ಸಂದೇಶವನ್ನು ಒಂದೇ ಕಡೆಗೆ ಮಾತ್ರ ಕಳಿಸಲು ಸಾಧ್ಯವೆಂದಿತು. ಕಟ್ಟು ಒಳ್ಳೆಯದೇ. ಆದರೆ ನಮ್ಮ ಮೇಷ್ಟರು ಐದಾದ ಮೇಲೆ ಮತ್ತೊಮ್ಮೆ ಐದು ಕಳಿಸುತ್ತಾರೆ. ನಿವೃತ್ತರಿಗೆ ಹೊತ್ತಿಗೇನು ಬರ?

ಸಂದೇಶವನ್ನು ಜನರ ಮನಸ್ಸಿಗೆ ತಲುಪಿಸುವ ವಿದ್ಯೆ ನಮ್ಮ ಜಿಲ್ಲೆಗೆ ಹೊಸತಲ್ಲ. ತುಮಕೂರಿನಿಂದ ಇಪ್ಪತ್ತು ಕಿಲೋಮೀಟರು ದೂರದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ, ಮುಂದೆ ವೀರಣ್ಣನವರ ಕೈಯಲ್ಲಿ ಕನ್ನಡನಾಡಿನ ಮೂಲೆಮೂಲೆಗೂ ಡೇರೆ ಹಾಕಿದಾಗ, ಯಾವ ಊರಿಗೆ ಹೋದರೂ ಜನವನ್ನು ಕರೆತರುವ ಕಲೆಯನ್ನು ಬಲ್ಲುದಾಗಿತ್ತು. ಅದೇ ಕಂಪನಿಯಲ್ಲಿ ತಂದೆಯ ಜೊತೆ ಬಣ್ಣ ಹಚ್ಚಿದ ಮುತ್ತುರಾಜ ಎಂಬ ಹುಡುಗ, 1954ರಲ್ಲಿ ಗುಬ್ಬಿ ವೀರಣ್ಣನವರ ಸಂಸ್ಥೆಯೇ ನಿರ್ಮಾಣದಲ್ಲಿ ಸೇರಿದ್ದ ‘ಬೇಡರ ಕಣ್ಣಪ್ಪ’ ಚಿತ್ರದಿಂದ ರಾಜ್‌ಕುಮಾರ್ ಆದರು. ಈ ವಂಶಕಥೆ ಇಲ್ಲಿ ಅಪ್ರಸ್ತುತವಲ್ಲ. ಏಕೆಂದರೆ ಕರ್ನಾಟಕದಲ್ಲಿ ಹೃದಯದ ವಿಚಾರ ಮನೆಮನೆಯ ಮಾತಾದುದು ಯಾವುದೇ ಭಿತ್ತಿಪತ್ರದಿಂದಲ್ಲ, ಆ ರಾಜ್‌ಕುಮಾರರ ಕಿರಿಯ ಮಗ ಪುನೀತ್ 2021ರ ಅಕ್ಟೋಬರ್ 29ರಂದು, ನಲವತ್ತಾರನೆಯ ವಯಸ್ಸಿನಲ್ಲಿ, ಹೃದಯಸ್ತಂಭನದಿಂದ ತೀರಿಕೊಂಡ ದಿನದಿಂದ.

ಆ ವಾರವನ್ನು ನೆನೆಯಿರಿ. ವ್ಯಾಯಾಮ ಮಾಡುತ್ತಿದ್ದ, ನೋಡುವವರ ಕಣ್ಣಿಗೆ ಆರೋಗ್ಯದ ಪ್ರತಿಮೆಯಂತಿದ್ದ ಮನುಷ್ಯನೇ ಹೀಗೆ ಹೋದನೆಂದ ಮೇಲೆ ತನ್ನ ಗತಿಯೇನೆಂಬ ಶಂಕೆ ಒಬ್ಬೊಬ್ಬರಲ್ಲಿಯೂ ಹುಟ್ಟಿ, ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು. ಇತ್ತ ಜಿಮ್ಮಿಗೆ ಹೋಗುತ್ತಿದ್ದ ಹುಡುಗರನ್ನು ತಾಯಂದಿರು ತಡೆದರು. ಒಂದೇ ಫೋನಿನಲ್ಲಿ ಒಬ್ಬ ವೈದ್ಯರು ವ್ಯಾಯಾಮ ಬೇಕೆನ್ನುತ್ತಿದ್ದರು, ವೈದ್ಯರಲ್ಲದ ಹತ್ತು ಜನ ಬೇಡವೆನ್ನುತ್ತಿದ್ದರು. ಅದೇ ಕಾಲಕ್ಕೆ, ತಂದೆಯಂತೆ ಮಗನೂ ಕಣ್ಣುಗಳನ್ನು ದಾನ ಮಾಡಿದ ಸುದ್ದಿ ಹರಡಿ, ಅವುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತೆಂದು ತಿಳಿದು, ನೇತ್ರದಾನಕ್ಕೆ ಹೆಸರು ಬರೆಸುವವರ ಸಂಖ್ಯೆ ಏರಿತು. ಒಂದೇ ಸಾವು, ಒಂದೇ ಜಾಲತಾಣ. ಒಂದು ವಿಷಯದಲ್ಲಿ ದಿಗಿಲು, ಇನ್ನೊಂದರಲ್ಲಿ ದಾನ. ಈ ಭೇದಕ್ಕೆ ಕಾರಣವೇನೆಂದು ನಾನು ಬಹಳ ಸಲ ಯೋಚಿಸಿದ್ದೇನೆ. ನೇತ್ರದಾನದ ಸಂದೇಶಕ್ಕೆ ಕೊನೆಯಲ್ಲೊಂದು ಬಾಗಿಲಿತ್ತು: ಇಂಥಲ್ಲಿಗೆ ಹೋಗಿ, ಹೆಸರು ಬರೆಸಿ, ಮನೆಗೆ ಬನ್ನಿ. ಹೃದಯದ ಸಂದೇಶಕ್ಕೆ ಅಂಥ ಬಾಗಿಲು ಗುಬ್ಬಿಯವನ ಕಣ್ಣಿಗೂ ಕುಣಿಗಲ್ಲಿನವನ ಕಣ್ಣಿಗೂ ಕಾಣುತ್ತಿರಲಿಲ್ಲ. ಕಂಡ ಒಂದೇ ಬಾಗಿಲು ಬೆಂಗಳೂರಿನದು. ಹೋಗಲು ಹತ್ತಿರದಲ್ಲಿ ಎಡೆಯಿಲ್ಲದಾಗ ಎಚ್ಚರಿಕೆಯೆಂಬುದು ಭಯವಾಗಿ ಮಾರ್ಪಡುತ್ತದೆ.

ಭಯದ ಎರಡನೆಯ ಅಲೆ ಎದ್ದುದು 2025ರ ಬೇಸಿಗೆಯ ಕೊನೆಗೆ, ಹಾಸನದಲ್ಲಿ. ಬೆಂಗಳೂರಿನಿಂದ ಹಾಸನಕ್ಕೆ ಹೋಗುವ ಹೆದ್ದಾರಿ ಕುಣಿಗಲ್ಲಿನ ಮೇಲೆ ಹಾಯುವುದರಿಂದ ಆ ಸುದ್ದಿ ನಮ್ಮ ಜಿಲ್ಲೆಗೆ ಬಸ್ಸಿನಲ್ಲಿಯೂ ಬಂದಿತು, ಫೋನಿನಲ್ಲಿಯೂ ಬಂದಿತು. ದಿನಕ್ಕೊಬ್ಬರು ಹೃದಯಾಘಾತದಿಂದ ಸಾಯುತ್ತಿದ್ದಾರೆಂಬ ಎಣಿಕೆ ಜಾಲತಾಣಗಳಲ್ಲಿ ಕ್ರಿಕೆಟ್ ಸ್ಕೋರಿನಂತೆ ಏರತೊಡಗಿ, ಮೈಸೂರಿನ ಜಯದೇವ ಆಸ್ಪತ್ರೆಗೆ ನಸುಕಿನಲ್ಲಿಯೇ ಜನ ಬಂದು ನಿಲ್ಲುವಂತಾಗಿ, ಅಲ್ಲಿನ ವೈದ್ಯರು ಗಾಬರಿಪಡಬೇಡಿರೆಂದು ಕೇಳಿಕೊಳ್ಳಬೇಕಾಯಿತು. ಸರಕಾರ ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಸಮಿತಿ ಜುಲೈ ತಿಂಗಳಲ್ಲಿ ಕೊಟ್ಟ ವರದಿಯಲ್ಲಿ, ಪಟ್ಟಿಯಲ್ಲಿದ್ದ 24 ಸಾವುಗಳ ಪೈಕಿ 4 ಹೃದಯಕ್ಕೆ ಸಂಬಂಧಪಟ್ಟವೇ ಅಲ್ಲವೆಂದು ಹೇಳಿತು. ರಸ್ತೆ ಅಪಘಾತವೂ ವಿದ್ಯುತ್ ತಗುಲಿದ ಸಾವೂ ಅದರಲ್ಲಿ ಸೇರಿಕೊಂಡಿದ್ದುವು. ಉಳಿದವರಲ್ಲಿ ಚಿಕ್ಕ ವಯಸ್ಸಿನವರು ಇದ್ದುದು ನಿಜವೇ, ದುಃಖಕರವೇ. ಆದರೆ ಹಾಸನಕ್ಕೆಂದೇ ಬಂದ ಮಾರಿಯೇನೂ ಇರಲಿಲ್ಲ. ತಂಬಾಕು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು ಎಂಬ ಹಳೆಯ ಶತ್ರುಗಳೇ ಅಲ್ಲಿಯೂ ಇದ್ದುವು. ಕೋವಿಡ್ ಲಸಿಕೆಯೇ ಕಾರಣವೆಂಬ ಮಾತೂ ಆಗ ಬಲವಾಗಿ ಹರಡಿ, ಕೇಂದ್ರ ಆರೋಗ್ಯ ಸಚಿವಾಲಯ ಐಸಿಎಂಆರ್ ಮತ್ತು ಏಮ್ಸ್ ನಡೆಸಿದ ಅಧ್ಯಯನಗಳನ್ನು ಉಲ್ಲೇಖಿಸಿ ಅಂಥ ಸಂಬಂಧ ಕಂಡುಬಂದಿಲ್ಲವೆಂದು ಪ್ರಕಟಿಸಿತು. ಕುಣಿಗಲ್ಲಿನ ಬಸ್ ನಿಲ್ದಾಣದ ಬಳಿಯ ಚಹಾ ಅಂಗಡಿಯಲ್ಲಿ ಆ ಸಾವುಗಳ ಎಣಿಕೆ ನನಗೆ ಮೂರು ಸಲ ಕೇಳಿಬಂದಿತು. ವರದಿಯ ಮಾತು ಒಂದು ಸಲವೂ ಕೇಳಿಬರಲಿಲ್ಲ.

ಬರಿಯ ಅಂಕಿ-ಎಚ್ಚರಿಕೆ ಸಾಲದು, ಮಾಡಬೇಕಾದ ಕೆಲಸ ಜನರ ನೆನಪಿನಲ್ಲಿ ಉಳಿಯಬೇಕೆಂಬ ಪಾಠವನ್ನು ಹೊರಲೋಕದ ಸಂಸ್ಥೆಗಳು ನಮಗಿಂತ ಮೊದಲು ಕಲಿತುವು. ಜಿನೀವಾದ ವರ್ಲ್ಡ್ ಹಾರ್ಟ್ ಫೆಡರೇಷನ್ 2000ದಲ್ಲಿ ಆರಂಭಿಸಿದ ವಿಶ್ವ ಹೃದಯ ದಿನ ಈಗ ಪ್ರತಿವರ್ಷ ಸೆಪ್ಟೆಂಬರ್ 29ರಂದು ಬರುತ್ತದೆ; ಆ ದಿನ ಫೋನೆಲ್ಲ ಕೆಂಪು. ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ 2022ರಲ್ಲಿ ಪ್ರಪಂಚದಾದ್ಯಂತ ಸುಮಾರು 1 ಕೋಟಿ 98 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆದರೆ ಇಂಥ ದೊಡ್ಡ ಅಂಕಿ ಯಾರ ಎದೆಯನ್ನೂ ಮುಟ್ಟುವುದಿಲ್ಲ. ಮುಟ್ಟಿದ್ದು ಬೇರೆ. ಬ್ರಿಟಿಷ್ ಹಾರ್ಟ್ ಫೌಂಡೇಷನ್ 2012ರಲ್ಲಿ ವಿನ್ನಿ ಜೋನ್ಸ್ ಎಂಬ ಒರಟು ಮುಖದ ಫುಟ್‌ಬಾಲ್ ಆಟಗಾರ-ನಟನನ್ನು ನಿಲ್ಲಿಸಿ, ಕುಸಿದುಬಿದ್ದು ಉಸಿರಾಡದವನ ಎದೆಯ ನಡುವೆ ಎರಡು ಕೈಯಿಂದ ಬಲವಾಗಿ, ಒಂದು ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕೆಂಬುದನ್ನು, ಎಪ್ಪತ್ತರ ದಶಕದ ಒಂದು ಕುಣಿತದ ಹಾಡಿನ ತಾಳಕ್ಕೆ ತೋರಿಸಿತು. ಅಮೆರಿಕದವರು ಅದೇ ಹಾಡನ್ನು ಬಳಸಿದ್ದರು. ಜನ ಅದನ್ನು ನೋಡಿದರು, ನಕ್ಕರು, ಮತ್ತೊಬ್ಬರಿಗೆ ಕಳಿಸಿದರು. ನೆನಪಿನಲ್ಲಿ ತಾಳ ಉಳಿಯಿತು. ನಮ್ಮ ಕಡೆಯ ಮಾರಮ್ಮನ ಹಬ್ಬದ ತಮಟೆ ಕೇಳಿ ಬೆಳೆದವನಿಗೆ ಆ ವೇಗವನ್ನು ಕಲಿಸಲು ಪಾಶ್ಚಾತ್ಯ ಹಾಡು ಬೇಕಾಗಿಲ್ಲ.

ಇಂಥ ಕಲ್ಪನಾಶಕ್ತಿ ನಮ್ಮ ಸಂಸ್ಥೆಗಳ ಪುಟಗಳಲ್ಲಿ ಅಪರೂಪ. ನಾನು ಕಂಡ ಒಂದು ಭಿತ್ತಿಚಿತ್ರದಲ್ಲಿ — ಪ್ರಕಟಿಸಿದವರ ಹೆಸರು ಬೇಡ — ‘ಹೃದಯವನ್ನು ಬಳಸಿರಿ’ ಎಂದು ದಪ್ಪಕ್ಷರದಲ್ಲಿತ್ತು. ಇಂಗ್ಲಿಷಿನಲ್ಲಿ ಚೆಂದವಾಗಿದ್ದ ಘೋಷವಾಕ್ಯ ಕನ್ನಡಕ್ಕೆ ಬರುವಾಗ ತಾಮ್ರದ ಚೊಂಬಾಗಿ ಹೋಗಿತ್ತು. ಕೆಳಗೆ ಮುಖ್ಯ ವೈದ್ಯರ ಭಾವಚಿತ್ರ, ಹಾರ, ದೀಪ ಬೆಳಗಿಸುವ ಗಣ್ಯರು. ಎದೆನೋವು ಬಂದವನು ಏನು ಮಾಡಬೇಕೆಂಬುದಕ್ಕೆ ಮಾತ್ರ ಸ್ಥಳ ಸಾಲದೆ ಹೋಗಿತ್ತು.

ಇದಕ್ಕೆ ವ್ಯತಿರಿಕ್ತವಾಗಿ, ಜನ ನಿಜವಾಗಿ ಕೇಳಿಸಿಕೊಂಡದ್ದು ಮಾತನಾಡುವ ವೈದ್ಯರನ್ನು. ಜಯದೇವ ಸಂಸ್ಥೆಯನ್ನು ಬಹುಕಾಲ ನಡೆಸಿದ ಡಾ. ಸಿ.ಎನ್. ಮಂಜುನಾಥ್ — 2024ರಿಂದ ಕುಣಿಗಲ್ ಸೇರಿರುವ ಬೆಂಗಳೂರು ಗ್ರಾಮಾಂತರ ಕ್ಷೇತ್ರದ ಲೋಕಸಭಾ ಸದಸ್ಯರು — ಕನ್ನಡದಲ್ಲಿ ಮಾಡಿದ ಉಪನ್ಯಾಸಗಳ ತುಣುಕುಗಳು ಯೂಟ್ಯೂಬಿನಿಂದ ವಾಟ್ಸಾಪಿಗೆ, ಅಲ್ಲಿಂದ ಹಳ್ಳಿಯ ಜಗಲಿಗೆ ಇಳಿದಿವೆ. ರಾಜಕೀಯದಲ್ಲಿ ಯಾರು ಯಾವ ಪಕ್ಷವಾದರೂ ಆಗಿರಲಿ, ಆ ಮಾತುಗಳ ಗುಣ ಬೇರೆ: ಅದು ಊರಿನ ಹಿರಿಯನೊಬ್ಬನು ಕಟ್ಟೆಯ ಮೇಲೆ ಕುಳಿತು ಹೇಳುವಂಥ ಕನ್ನಡ, ಅಲ್ಲಿ ‘ಗ್ಯಾಸ್ಟ್ರಿಕ್’ ಎಂಬ ಶಬ್ದಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲುತ್ತದೆ. ನಮ್ಮ ಜಿಲ್ಲೆಯಲ್ಲಿ ಹೃದಯಾಘಾತದ ಮೊದಲ ಹೆಸರೇ ಗ್ಯಾಸ್ಟ್ರಿಕ್. ರಾತ್ರಿ ಎದೆ ಹಿಡಿದುಕೊಂಡರೆ ಮೊದಲು ಸೋಡಾ, ಆಮೇಲೆ ಜೀರಿಗೆ ಕಷಾಯ, ಆಮೇಲೆ ಬೆನ್ನು ನೀವುವುದು, ಕಟ್ಟಕಡೆಗೆ ಕಾರು. ಆ ಹೊತ್ತಿಗೆ ಸ್ನಾಯುವಿನ ಒಂದು ಭಾಗ ಸತ್ತಿರುತ್ತದೆ. ಹೆಂಗಸರ ವಿಷಯದಲ್ಲಿ ಇದು ಇನ್ನೂ ಕಷ್ಟ: ಅವರಿಗೆ ಎಷ್ಟೋ ವೇಳೆ ಎದೆನೋವಿಗಿಂತ ಸುಸ್ತು, ಉಬ್ಬಸ, ದವಡೆ ಇಲ್ಲವೆ ಬೆನ್ನಿನ ನೋವು ಮುಂದಾಗಿ ಕಾಣುತ್ತದೆ, ಅದನ್ನು ಮನೆಗೆಲಸದ ಆಯಾಸವೆಂದು ಅವರೇ ತಳ್ಳಿಹಾಕುತ್ತಾರೆ. ಫೋನು ಗಂಡನ ಜೇಬಿನಲ್ಲಿರುವ ಮನೆಗೆ ಜಾಲತಾಣದ ಉಪದೇಶ ಅರ್ಧದಷ್ಟೇ ಮುಟ್ಟುತ್ತದೆ, ಅಲ್ಲಿ ಬಿ.ಪಿ. ಯಂತ್ರ ಹಿಡಿದು ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯೇ ಮೇಲು. 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆಯ ತಿರುಳು ಇದೇ.

ಆಹಾರದ ಉಪದೇಶ ನಮ್ಮ ಕಲ್ಪತರು ನಾಡಿಗೆ ಬಂದಾಗ ಇನ್ನೊಂದು ತಮಾಷೆ ನಡೆಯಿತು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ತೆಂಗಿನೆಣ್ಣೆ ಹೃದಯಕ್ಕೆ ಹಿತವಲ್ಲವೆಂದಿತು. ಮರುವರ್ಷ ಹಾರ್ವರ್ಡಿನ ಅಧ್ಯಾಪಿಕೆಯೊಬ್ಬರು ಜರ್ಮನಿಯಲ್ಲಿ ಮಾಡಿದ ಭಾಷಣವೊಂದರಲ್ಲಿ ಅದನ್ನು ವಿಷವೆಂದೇ ಕರೆದುದು ಯೂಟ್ಯೂಬಿನಲ್ಲಿ ಹರಡಿ, ಭಾರತದ ತೋಟಗಾರಿಕೆ ಆಯುಕ್ತರು ಪ್ರತಿಭಟನೆಯ ಪತ್ರ ಬರೆದರು. ತಿಪಟೂರಿನ ಕೊಬ್ಬರಿ, ಗುಬ್ಬಿಯ ತೆಂಗಿನಕಾಯಿ ನಂಬಿ ಬದುಕುವ ಸೀಮೆಯಲ್ಲಿ ಈ ವಾರ್ತೆಗೆ ಎಂಥ ಸ್ವಾಗತ ದೊರೆಯಿತೆಂದು ಹೇಳಬೇಕಾಗಿಲ್ಲ. ನಮ್ಮ ಕಡೆ ತೆಂಗು ಸಾರಿಗೆ ಅರೆದ ಮಸಾಲೆಯಾಗಿ, ಚಟ್ನಿಯಾಗಿ ಬರುತ್ತದೆಯೇ ಹೊರತು, ಒಗ್ಗರಣೆಗೆ ಹೆಚ್ಚಾಗಿ ಕಡಲೆಕಾಯಿ ಎಣ್ಣೆ. ಈ ವ್ಯತ್ಯಾಸ ಹಾರ್ವರ್ಡಿನವರಿಗೆ ತಿಳಿಯದು. ದಿನಕ್ಕೆ ಒಂದು ಚಹಾ ಚಮಚೆ, ಎಂದರೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತೇ ಉಪ್ಪಿನಕಾಯಿ-ಹಪ್ಪಳದ ನಮ್ಮ ಊಟಕ್ಕೆ ಹೆಚ್ಚು ಅನ್ವಯಿಸುವುದು. ಆದರೆ ಉಪ್ಪಿನ ಮೇಲೆ ಯಾರೂ ಜಗಳವಾಡುವುದಿಲ್ಲವಾದ್ದರಿಂದ ಅದು ಹರಡಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ವಾಟ್ಸಾಪಿನ ಅತ್ಯುತ್ತಮ ಉಪಯೋಗ ಉಪದೇಶದಲ್ಲಿಲ್ಲವೆಂಬುದೇ ನನ್ನ ಅಭಿಪ್ರಾಯ. ಮಂಗಳೂರಿನ ಕೆ.ಎಂ.ಸಿ.ಯ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತ್ ಕೆಲವು ವರ್ಷಗಳ ಹಿಂದೆ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂಬ ಗುಂಪು ಕಟ್ಟಿದರು. ದಾನಿಗಳ ನೆರವಿನಿಂದ ಹಳ್ಳಿಗಾಡಿನ ವೈದ್ಯರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ನೂರಾರು ಇಸಿಜಿ ಯಂತ್ರಗಳನ್ನು ಕೊಡಿಸಿದರು. ಹಳ್ಳಿಯ ವೈದ್ಯನು ಇಸಿಜಿಯ ಪಟ್ಟಿಯನ್ನು ಫೋನಿನಲ್ಲಿ ಚಿತ್ರ ತೆಗೆದು ಗುಂಪಿಗೆ ಹಾಕುತ್ತಾನೆ. ಎಲ್ಲಿಯೋ ಕುಳಿತ ತಜ್ಞನು ನೋಡಿ, ಇದು ಅಟ್ಯಾಕ್, ಈ ಮಾತ್ರೆ ಕೊಟ್ಟು ಕಳಿಸಿ ಎನ್ನುತ್ತಾನೆ, ಅಥವಾ ಏನೂ ಇಲ್ಲ, ಸಮಾಧಾನ ಹೇಳಿ ಎನ್ನುತ್ತಾನೆ. ಗುಲಾಬಿಯ ಚಿತ್ರ ಓಡಾಡುವ ಅದೇ ತಂತಿಯಿಲ್ಲದ ತಂತಿಯಲ್ಲಿ ಒಬ್ಬ ಮನುಷ್ಯನ ಎದೆಯ ಗೆರೆ ಓಡಿತು.

ಪುನೀತರ ಹೆಸರಿನಲ್ಲಿ ಕರ್ನಾಟಕ ಸರಕಾರ ಮಾಡಿದ ‘ಹೃದಯಜ್ಯೋತಿ’ ಯೋಜನೆ ಇದೇ ಯುಕ್ತಿಯ ವಿಸ್ತೃತ ರೂಪ. ಜಯದೇವದಂಥ ದೊಡ್ಡ ಆಸ್ಪತ್ರೆ ಸೈಕಲ್ ಚಕ್ರದ ನಡುಭಾಗವೆಂದು ಭಾವಿಸಿದರೆ, ಜಿಲ್ಲೆ-ತಾಲ್ಲೂಕುಗಳ ಸರಕಾರಿ ಆಸ್ಪತ್ರೆಗಳು ಕಡ್ಡಿಗಳು. ಎದೆನೋವೆಂದು ಬಂದವನಿಗೆ ತಾಲ್ಲೂಕಿನಲ್ಲಿಯೇ ಇಸಿಜಿ; ಅದು ಯಂತ್ರಜಾಲದ ಮೂಲಕ ಕೆಲವೇ ನಿಮಿಷದಲ್ಲಿ ತಜ್ಞರ ಕಣ್ಣಿಗೆ; ಹೆಪ್ಪು ಕಟ್ಟಿರುವುದು ಖಚಿತವಾದರೆ ಅದನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಬೆಲೆಬಾಳುವ ಚುಚ್ಚುಮದ್ದು ಅಲ್ಲಿಯೇ, ಉಚಿತವಾಗಿ; ತರುವಾಯ 108ರಲ್ಲಿ ದೊಡ್ಡ ಆಸ್ಪತ್ರೆಗೆ. ಮೊದಲ ಗಂಟೆಯೊಳಗೆ ಹೆಪ್ಪು ಕರಗಿದರೆ ಉಳಿಯುವ ಸ್ನಾಯು, ಮಧ್ಯರಾತ್ರಿ ಪಾವಗಡದಿಂದ ತುಮಕೂರಿಗೋ ಬೆಂಗಳೂರಿಗೋ ಕಾರು ಓಡಿಸುವಷ್ಟರಲ್ಲಿ ಉಳಿಯದು. ಕಾಣದಿದ್ದ ಬಾಗಿಲು ಈಗ ತಾಲ್ಲೂಕಿಗೆ ಬರುತ್ತಿದೆ. ಅದು ಎಲ್ಲಿದೆಯೆಂದು ಡಂಗುರ ಸಾರುವುದಷ್ಟೇ ಜಾಲತಾಣದ ಕೆಲಸ. ಪ್ರತಿ ತಾಲ್ಲೂಕಿನ ಆಸ್ಪತ್ರೆಯ ಹೆಸರು, ಹೋಗಬೇಕಾದ ಕೋಣೆ, 108 ಎಂಬ ಮೂರು ಅಂಕಿ. ಇಷ್ಟಿದ್ದರೆ ನನಗೆ ಮುಖ್ಯ ವೈದ್ಯರ ಭಾವಚಿತ್ರ ಬೇಡ.

ಗುಬ್ಬಿ ತಾಲ್ಲೂಕಿನಲ್ಲಿರುವ ನಮ್ಮ ಭಾವನವರ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ತೆಂಗು-ಅಡಿಕೆಯ ಕೃಷಿಕರು, ಎಪ್ಪತ್ತರ ಹತ್ತಿರ. ಒಂದು ರಾತ್ರಿ ಬೀಗರ ಮನೆಯ ಊಟ ಮುಗಿಸಿ ಬಂದು ಮಲಗಿದವರಿಗೆ ಎದೆಯುರಿ, ಬೆವರು. ಎಂದಿನಂತೆ ಸೋಡಾ ತರಿಸಿದರು. ನಮ್ಮ ಅಕ್ಕ ಹಿಂದಿನ ವಾರವಷ್ಟೇ ವೈದ್ಯರೊಬ್ಬರ ಕನ್ನಡ ವಿಡಿಯೋ ನೋಡಿದ್ದಳು. ಅದನ್ನು ಅವಳಿಗೆ ಕಳಿಸಿದವಳು ಸ್ತ್ರೀಶಕ್ತಿ ಸಂಘದ ಗೆಳತಿ. ಅಕ್ಕ ಹಾರ್ಟು ಎಂಬ ಮಾತನ್ನೇ ಎತ್ತಲಿಲ್ಲ.

“ಗ್ಯಾಸ್ಟ್ರಿಕ್ಕೇ ಇರ್ಲಿ ಕಣ್ರೀ, ಯಾರು ಬೇಡ ಅಂದ್ರು? ಒಂದು ಇಸಿಜಿ ತೆಗೆಸ್ಕೊಂಡ್ ಬಂದು ಆಮೇಲೆ ಗ್ಯಾಸ್ಟ್ರಿಕ್ ಅನ್ನಿ,” ಎಂದಳು.

ಹೋದರು. ಇಸಿಜಿಯಲ್ಲಿ ಏನೂ ಇರಲಿಲ್ಲ. ಕೆಲವು ಗಂಟೆ ಕೂರಿಸಿಕೊಂಡು ಮತ್ತೊಮ್ಮೆ ತೆಗೆದರು, ಆಗಲೂ ಇರಲಿಲ್ಲ. ಅದು ಗ್ಯಾಸ್ಟ್ರಿಕ್ಕೇ. “ನಾನ್ ಹೇಳ್ಲಿಲ್ವಾ?” ಎಂಬುದನ್ನು ಭಾವ ಈಗಲೂ ಬಂದವರಿಗೆಲ್ಲ ಹೇಳುತ್ತಾರೆ. ಆದರೆ ಆ ಇಸಿಜಿಯ ಕಾಗದವನ್ನು ಪಹಣಿ ಪತ್ರಗಳ ಜೊತೆ ಜೋಪಾನವಾಗಿಟ್ಟರು. ಕೆಡದಿರಲೆಂದು ಪೇಟೆಗೆ ಒಯ್ದು ಲ್ಯಾಮಿನೇಷನ್ ಕೂಡ ಮಾಡಿಸಿದರು. ಬಿಸಿ ತಗುಲಿದರೆ ಕಪ್ಪಾಗುವ ಕಾಗದ ಅದು. ಯಂತ್ರದಿಂದ ಹೊರಬಂದಾಗ ಅಮಾವಾಸ್ಯೆಯ ಹಾಗಿತ್ತು, ಗೆರೆಯೊಂದೂ ಇರಲಿಲ್ಲ. ಈಗ ಉಳಿದಿರುವುದು ಆ ರಾತ್ರಿ ಅಕ್ಕ ಫೋನಿನಲ್ಲಿ ತೆಗೆದು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ ಚಿತ್ರ ಮಾತ್ರ. ಅದರ ಕೆಳಗೆ ಇಪ್ಪತ್ತಮೂರು ಹೆಬ್ಬೆರಳುಗಳಿವೆ. ಇಪ್ಪತ್ತನಾಲ್ಕನೆಯವರಾಗಿ ಯಾರೋ ಒಬ್ಬರು, ಎದೆನೋವು ಬಂದರೆ ಕೆಮ್ಮುತ್ತಿರಬೇಕೆಂದು ಬರೆದಿದ್ದಾರೆ.